ಉಗುರು ನಿಲ್ಲುವ ಜಾಗ

8 ಸೆಪ್ಟೆಂಬರ್, ಸೋಮವಾರ

ಬಲಗೈ ತೋರುಬೆರಳಿನ ಉಗುರನ್ನು ಇನ್ನು ಮೇಲೆ ಪೂರ್ತಿ ಕತ್ತರಿಸಬಾರದಂತೆ. ಮಾಲೀಕರಾದ ಗುರುಶಾಂತ ಸರ್ ಇವತ್ತು ಹೇಳಿದರು. ಸೇರಿ ಐದು ವಾರವಾದ ಮೇಲೆ, ನನ್ನನ್ನು ಈ ಕೆಲಸಕ್ಕೆ ತೆಗೆದುಕೊಂಡದ್ದು ಯಾಕೆಂದು ತಿಳಿಯಿತು. "ಗಟ್ಟಿ ಕೈಗೆ ಏನೂ ಗೊತ್ತಾಗಂಗಿಲ್ಲ, ಮನೀಷಾ. ನಿಂದು ಪುಸ್ತಕ ಹಿಡದ ಕೈ, ಮೆತ್ತಗೈತಿ," ಅಂದರು. ಎಂ.ಎ. ಕನ್ನಡದಿಂದ ಇಷ್ಟಾದರೂ ಆಯಿತು.

ನಮ್ಮದು ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ. ಕೈಗಾರಿಕಾ ವಸಾಹತಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ವರ್ಕ್‌ಶಾಪು. ಈಗ ನಡೆದಿರುವುದು ಬಚ್ಚಲ ಗೋಡೆಗೆ ಕೂರಿಸುವ ಹಿಡಿಕೆ. ಆಸ್ಪತ್ರೆಗಳಿಗೆ, ವಯಸ್ಸಾದವರಿರುವ ಮನೆಗಳಿಗೆ ಹೋಗುತ್ತದೆ. ಸಾಬೂನಿನ ಕೈ ಜಾರದಿರಲಿ ಅಂತ ಅದರ ಮೈಯನ್ನು ಬೇಕೆಂದೇ ಒರಟು ಮಾಡಿದ್ದಾರೆ, ಸಣ್ಣ ರವೆ ಚೆಲ್ಲಿದ ಹಾಗೆ. ಕಾದ ಪ್ಲಾಸ್ಟಿಕ್ಕು ಹೋಗಿ ಕೂರುವ ಲೋಹದ ಅಚ್ಚನ್ನು ಇಲ್ಲಿ ಮೋಲ್ಡ್ ಅನ್ನುತ್ತಾರೆ. ಮೋಲ್ಡಿನ ಒಳಮೈ ಹೇಗಿರುತ್ತದೋ ಹಿಡಿಕೆಯ ಹೊರಮೈಯೂ ಹಾಗೇ ಬರುತ್ತದೆ.

ನನ್ನ ಮೇಜಿನ ಮೇಲೆ ನಮೂನೆಯ ಹಿಡಿಕೆ ಒಂದಿದೆ. ಗಂಟೆಗೊಮ್ಮೆ ಮಶೀನಿನಿಂದ ಬಂದದ್ದನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಮೊದಲು ನಮೂನೆಯ ಮೇಲೆ, ಆಮೇಲೆ ಹೊಸದರ ಮೇಲೆ ಉಗುರು ಎಳೆಯಬೇಕು. ಎರಡರಲ್ಲೂ ಉಗುರು ಒಂದೇ ರೀತಿ ತಡೆದು ತಡೆದು ಹೋದರೆ ಪಾಸು. ಸಹಿ ಹಾಕಬೇಕು. ಮೂರು ತಿಂಗಳು ನೋಡಿ, ದೀಪಾವಳಿಯ ನಂತರ ನನ್ನನ್ನು ಕಾಯಂ ಮಾಡುವುದೋ ಬಿಡುವುದೋ ಹೇಳುತ್ತಾರೆ.

ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಈ ಕೆಲಸದಲ್ಲಿ ನನಗೆ ಹಿಡಿಸಿದ್ದು ಅದೇ.

11 ಸೆಪ್ಟೆಂಬರ್, ಗುರುವಾರ

ಕಾಶಪ್ಪನವರು ಎಂಬ ಪಾಲಿಶ್ ಮಾಸ್ತರರು ಕಿಟಕಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂರುತ್ತಾರೆ. ಎರಡು ಪಾದಗಳ ನಡುವೆ ಮೋಲ್ಡನ್ನು ಒತ್ತಿ ಹಿಡಿದು, ಬಿದಿರು ಕಡ್ಡಿಯ ತುದಿಗೆ ಪೇಸ್ಟ್ ಹಚ್ಚಿ ತಿಕ್ಕುತ್ತಾರೆ. ಬಕೀಟು, ಡಬ್ಬಿ, ಬಾಚಣಿಕೆ, ಯಾವುದೇ ಇರಲಿ, ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದಾರೆ. ದಿನಾ ಅಕ್ಕಲಕೋಟದಿಂದ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಬರುವ ಮಾರ್ಚಿಗೆ ನಿವೃತ್ತಿ.

ಇವತ್ತು ನನ್ನನ್ನು ಕರೆದರು.

"ಬಾ ಇಲ್ಲಿ, ಯವ್ವಾ. ಇದರಾಗ ಹಣಿಕಿ ಹಾಕು."

ಡಬ್ಬಿ ಮುಚ್ಚಳದ ಮೋಲ್ಡಿನೊಳಗೆ ನನ್ನ ಮುಖ ಕಂಡಿತು. ಹುಬ್ಬಿನ ಕೂದಲು ಎಣಿಸಬಹುದಿತ್ತು.

"ಮೋಲ್ಡ್ ಅಂದ್ರ ಹಿಂಗಿರಬೇಕು. ನಿನ್ನ ಆ ಹಿಡಿಕಿ ಮೋಲ್ಡ್ ನೋಡು, ಮೈಲಿ ಬ್ಯಾನಿ ಎದ್ದಂಗ ಐತಿ. ಪುಣೆಕ್ಕ ಕಳಿಸಿ, ಆ್ಯಸಿಡ್ ಕುಡಿಸಿ ಕೆಡಿಸ್ಕೊಂಡು ಬಂದಾರ. ಶಾಣ್ಯಾ ಮಂದಿ!"

ಅದು ಬೇಕೆಂದೇ ಮಾಡಿಸಿದ್ದು, ಅದಕ್ಕೊಂದು ಕಾರಣವಿದೆ ಎಂದು ಹೇಳಬೇಕೆನಿಸಿತು. ನಕ್ಕು ವಾಪಸು ಬಂದೆ.

ಮಶೀನಿನ ಹತ್ತಿರದಿಂದ ಸೋನಾಲಿ ಕೂಗಿದಳು. ಹಿಡಿಕೆ ಒತ್ತುವ ಮಶೀನು ನಡೆಸುವವಳು ಅವಳೇ. "ಮೇಡಂಗ ಯಾಕ ತ್ರಾಸ ಕೊಡ್ತಿ ಕಾಕಾ? ಅವರ ಮೋಲ್ಡಿನ್ಯಾಗ ಮಾತಿಗೆ ಜಾಗಾನ ಇಟ್ಟಿಲ್ಲ ದೇವರು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಬರೆಯುವಾಗ ನಗು ಬರುತ್ತಿಲ್ಲ.

14 ಸೆಪ್ಟೆಂಬರ್, ರವಿವಾರ

ಬೆಳಿಗ್ಗೆ ಬಟ್ಟೆ ಒಗೆದೆ. ಮಧ್ಯಾಹ್ನ ಶೇಂಗಾ ಚಟ್ನಿ, ಮೊಸರು, ನಿನ್ನೆಯ ಭಾಕ್ರಿ. ಮನೆಯೊಡತಿ ಮೆಟ್ಟಿಲಲ್ಲಿ ಸಿಕ್ಕಾಗ "ಜೇವಣ ಝಾಲಂ ಕಾ?" ಅಂತ ಮರಾಠಿಯಲ್ಲಿ ಊಟವಾಯಿತೇ ಎಂದು ಕೇಳಿದರು. "ಹೋ" ಅಂದೆ. ಇಡೀ ದಿನದ ಮಾತು ಅಷ್ಟೇ.

ನನ್ನೂರು ಕರಜಗಿಗೆ ಹೋಗಬಹುದಿತ್ತು. ಹೋದರೆ ಅವ್ವ ಸಾಲಿ ನೌಕರಿ ಯಾವಾಗ ಅನ್ನುತ್ತಾಳೆ. ನಾನು ಕಲಿತ ಕನ್ನಡ ಸಾಲಿಯಲ್ಲಿ ಈಗ ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ ಎಲ್ಲ ಸೇರಿ ಒಂಬತ್ತು ಮಕ್ಕಳು. ಅಪ್ಪ ಏನೂ ಕೇಳುವುದಿಲ್ಲ, ಕುರಿ ಹೊಡೆದುಕೊಂಡು ಹೋಗಿಬಿಡುತ್ತಾನೆ. ನನಗೆ ಈ ಸ್ವಭಾವ ಬಂದದ್ದು ಅವನಿಂದಲೇ ಇರಬೇಕು.

22 ಸೆಪ್ಟೆಂಬರ್, ಸೋಮವಾರ

ಮಳೆ ನಿಂತೇ ಇಲ್ಲ. ಡಬ್ಬಿ ತಂದಿರಲಿಲ್ಲ. ಊಟದ ಹೊತ್ತಿನಲ್ಲಿ ನೀರು ಕುಡಿದು ಮೇಜಿನ ಮುಂದೆ ಕುಳಿತಿದ್ದೆ. ಕಾಶಪ್ಪನವರು ಅರ್ಧ ಭಾಕ್ರಿ, ಅದರ ಮೇಲೆ ಪುಂಡಿಪಲ್ಲೆ ಇಟ್ಟುಕೊಂಡು ಬಂದರು.

"ತಿನ್ನು. ನಮ್ಮ ತುಳಜಾಬಾಯಿ ಮಾಡಿದ್ದು. ಉಪ್ಪು ಹೆಚ್ಚಾಗೇತಿ, ಹೆಚ್ಚಾಗೇತಂತ ನಾ ಅಂದ್ರ ಜಗಳಾ ತಗೀತಾಳ. ನೀನಽ ಹೇಳಿ ಕಳಸು."

ಉಪ್ಪು ಹೆಚ್ಚಾಗಿರಲಿಲ್ಲ. ಹಾಗೇ ಹೇಳಿ ಕಳಿಸಿದೆ.

ಏನು ಕಲಿತಿದ್ದೀ ಅಂದರು. ಹೇಳಿದೆ. ಕನ್ನಡ ಪುಸ್ತಕಗಳೇ ಎರಡು ವರ್ಷ ಅಂತ ಕೇಳಿ ಅವರಿಗೆ ಆಶ್ಚರ್ಯವಾಯಿತು. ಅವರು ಓದಿದ್ದು ಮರಾಠಿಯಲ್ಲಿ ಮೂರನೆಯ ಇಯತ್ತೆ. "ಮಾತಾಡೂದು ಕನ್ನಡ, ಓದೂದು ಮರಾಠಿ, ಬೈಯೂದು ಎರಡರಾಗೂ," ಅಂದರು.

ನಾಳೆಯಿಂದ ಇಲ್ಲೇ ಬಂದು ಕೂತು ಉಣ್ಣು ಅಂತ ಗೋಣಿಚೀಲದ ಅಂಚು ತೋರಿಸಿದರು.

1 ಅಕ್ಟೋಬರ್, ಬುಧವಾರ. ಖಂಡೇನವಮಿ

ಮಶೀನುಗಳಿಗೆಲ್ಲ ಝೆಂಡೂ ಹೂವಿನ ಮಾಲೆ. ಅಂಗಳದಲ್ಲಿ ಕುಂಬಳಕಾಯಿ. ವರ್ಕ್‌ಶಾಪಿನ ನಡುವೆ ಹಲಗೆ ಹಾಕಿ, ಬಿಳಿ ಬಟ್ಟೆ ಹಾಸಿ, ಎಲ್ಲರ ಹತಾರಗಳನ್ನೂ ಇಟ್ಟಿದ್ದರು. ಪಾನಾ, ಸುತ್ತಿಗೆ, ಕಾನಸು. ಹಿಂದೆ ಸಾಲಾಗಿ ಮೋಲ್ಡುಗಳು. ಕಾಶಪ್ಪ ಕಾಕಾ ನಿನ್ನೆ ಸಂಜೆ ಎಲ್ಲರೂ ಹೋದ ಮೇಲೂ ಉಳಿದು ಎಲ್ಲವನ್ನೂ ತಾವೊಬ್ಬರೇ ತಿಕ್ಕಿದರಂತೆ. ದೀಪ ಹಚ್ಚಿದಾಗ ಒಂದೊಂದು ಮೋಲ್ಡಿನಲ್ಲೂ ಒಂದೊಂದು ದೀಪ ಕಂಡಿತು. ನಮ್ಮ ಹಿಡಿಕೆಯ ಮೋಲ್ಡಂತೂ ಬೆಳ್ಳಿಯ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಬಹಳ ಚೆಂದ ಅನ್ನಿಸಿತು.

ಕಾಕಾ ಬೀರೋಬಾ ದೇವರ ಹೆಸರು ಹೇಳಿ ಎಲ್ಲದರ ಮೇಲೂ ಭಂಡಾರದ ಅರಿಶಿನ ಎರಚಿದರು.

"ನಿನ್ನ ಹತಾರ ಎಲ್ಲಿ, ಯವ್ವಾ?"

"ನಂದೇನಿಲ್ರಿ ಕಾಕಾ."

"ಹಂಗಂದ್ರ ಹೆಂಗ?"

"ಅವರ ಹತಾರ ಉಗುರು," ಅಂದಳು ಸೋನಾಲಿ. "ಉಗುರಿಗೇ ಹಚ್ಚು."

ಕಾಕಾ ನಿಜವಾಗಿಯೂ ನನ್ನ ಬೆರಳು ಹಿಡಿದು ಉಗುರಿಗೆ ಭಂಡಾರ ಹಚ್ಚಿದರು. ನಗಲಿಲ್ಲ, ದೇವರ ಕೆಲಸ ಮಾಡುವ ಮುಖದಲ್ಲೇ ಹಚ್ಚಿದರು.

3 ಅಕ್ಟೋಬರ್, ಶುಕ್ರವಾರ

ದಸರೆ ಮುಗಿದು ಮಶೀನು ಶುರುವಾಯಿತು. ಮುನ್ನೂರು ಹಿಡಿಕೆ ನಾಳೆಯೇ ಟ್ರಾನ್ಸ್‌ಪೋರ್ಟಿಗೆ ಹೋಗಬೇಕು ಅಂತ ಗುರುಶಾಂತ ಸರ್ ನಿಂತೇ ಇದ್ದರು. ಸೋನಾಲಿ ಮೊದಲ ಹಿಡಿಕೆ ತಂದುಕೊಟ್ಟಳು. ಕಣ್ಣು ಮುಚ್ಚಿ ಉಗುರು ಎಳೆದೆ. ಎಲ್ಲೂ ತಡೆಯದೆ ಜಾರಿಹೋಯಿತು.

ನಮೂನೆ ಮುಟ್ಟಿದೆ. ಮತ್ತೆ ಹೊಸದು. ನಾಲ್ಕು ಸಲ.

"ಏನಾತು?" ಅಂದರು ಸರ್.

"ಏನಿಲ್ರಿ."

ಪೂಜೆಯ ಎಣ್ಣೆ ಉಳಿದಿರಬೇಕು, ಹತ್ತು ಹಿಡಿಕೆಯಾದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ. ಸರ್ ಕೈಗಡಿಯಾರ ನೋಡುತ್ತಿದ್ದರು. ಸಹಿ ಹಾಕಿದೆ.

ಹತ್ತಾದ ಮೇಲೂ ಹಾಗೇ. ಐವತ್ತಾದ ಮೇಲೂ ಹಾಗೇ. ಒಂದು ಸಹಿ ಹಾಕಿದ ಮೇಲೆ ಎರಡನೆಯದನ್ನು ಹಾಕದಿರುವುದು ಹೇಗೆಂದು ತಿಳಿಯಲಿಲ್ಲ. ಒಟ್ಟು ಏಳು ಸಹಿ.

4 ಅಕ್ಟೋಬರ್, ಶನಿವಾರ

ಪೆಟ್ಟಿಗೆಗಳು ಟ್ರಾನ್ಸ್‌ಪೋರ್ಟ್ ಗೋದಾಮಿಗೆ ಹೋದವು. ಸೋಮವಾರ ಮಧ್ಯಾಹ್ನ ಅಲ್ಲಿಂದ ಪುಣೆಗೆ ಲಾರಿ.

ಹೊಸ ಹಿಡಿಕೆ ಒಂದನ್ನು, ಹಳೆಯದೊಂದನ್ನು ಚೀಲದಲ್ಲಿ ಹಾಕಿಕೊಂಡು ರೂಮಿಗೆ ತಂದೆ. ಬಚ್ಚಲಲ್ಲಿ ನಳದ ಪೈಪಿಗೆ ಹಗ್ಗದಿಂದ ಬಿಗಿದು, ಕೈಗೆ ಸಾಬೂನು ಹಚ್ಚಿಕೊಂಡು, ಮೈಭಾರ ಬಿಟ್ಟು ಜೋತುಬಿದ್ದೆ. ಹಳೆಯದು ಹಿಡಿದುಕೊಂಡಿತು. ಹೊಸದರಿಂದ ಕೈ ಜಾರಿ ಮೊಣಕೈ ಗೋಡೆಗೆ ಬಡಿಯಿತು, ತೊಗಲು ಕಿತ್ತುಬಂದಿದೆ. ನನ್ನದು ಇಪ್ಪತ್ನಾಲ್ಕು ವರ್ಷದ ಮೊಣಕೈ.

ಕಾಕಾ ತಿಕ್ಕಿದ ಮೋಲ್ಡು ಬೆಳ್ಳಿಯ ಬಟ್ಟಲಿನ ಹಾಗಿತ್ತು ಅಂತ ನಾನೇ ಬರೆದಿದ್ದೇನೆ. ನೋಡಿ ಚೆಂದ ಅಂದುಕೊಂಡೆ, ಮುಟ್ಟಲಿಲ್ಲ.

ಸರ್‌ಗೆ ಹೇಳಿದರೆ ಕಾಕಾನ ಕೆಲಸ ಹೋಗಬಹುದು, ಮಾರ್ಚಿಗೆ ಐದೇ ತಿಂಗಳಿರುವಾಗ. ನನ್ನದೂ ಹೋಗಬಹುದು. ಹೇಳದಿದ್ದರೆ ಸೋಮವಾರ ಲಾರಿ ಹೊರಡುತ್ತದೆ. ಇನ್ನೆಲ್ಲೋ ಯಾರೋ ಮುದುಕಿ ಬಚ್ಚಲಲ್ಲಿ ಅದನ್ನು ನಂಬಿ ಏಳಲು ಹೋಗುತ್ತಾಳೆ.

ಈ ಊರಿನಲ್ಲಿ ನನ್ನನ್ನು ಊಟವಾಯಿತೇ ಎಂದು ಕನ್ನಡದಲ್ಲಿ ಕೇಳುವವರು ಕಾಕಾ ಒಬ್ಬರೇ.

5 ಅಕ್ಟೋಬರ್, ರವಿವಾರ

ಅಕ್ಕಲಕೋಟಕ್ಕೆ ಹೋಗಿ ಬಂದೆ. ಮೊದಲು ಕಾಕಾಗೆ ಹೇಳಬೇಕು ಅನ್ನಿಸಿತು.

ಬಸ್ಸಿನ ತುಂಬ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರು. ಅವರೆಲ್ಲ ಗುಡಿಯ ಕಡೆ ನಡೆದ ಮೇಲೆ ನಾನು ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತೆ. ಸೋಲಾಪುರದ ಬಸ್ಸು ಎದುರಿಗೇ ಇತ್ತು. ಹತ್ತಿಬಿಡಬಹುದಿತ್ತು. ಹಿಟ್ಟಿನ ಗಿರಣಿಯವನನ್ನು ಕೇಳಿಕೊಂಡು ಮನೆ ಹುಡುಕಿದೆ.

ತುಳಜಾಬಾಯಿ ಅಂಗಳದಲ್ಲಿ ಭಾಂಡೆ ತಿಕ್ಕುತ್ತಿದ್ದರು. ನನ್ನನ್ನು ನೋಡಿದ್ದೇ, "ಉಪ್ಪಿನ ಮೇಡಂ ಏನು? ಬರ್ರಿ ಬರ್ರಿ. ಉಪ್ಪು ಬರೋಬ್ಬರಿ ಐತಿ ಅಂತ ಹೇಳಿ ಕಳಿಸಿದ್ರಿ, ಅವತ್ತಿನಿಂದ ಈ ಮನಷ್ಯಾ ಗಪ್ಪಾಗಿ ಉಣ್ಣಾಕತ್ತಾನ," ಅಂದರು.

ಕಾಕಾ ಬಾಜು ಅನ್ನುವ ಹಗ್ಗದ ಮಂಚದ ಮೇಲೆ ಕುಳಿತಿದ್ದರು. ಚೀಲದಿಂದ ಎರಡೂ ಹಿಡಿಕೆ ತೆಗೆದು ಮುಂದಿಟ್ಟೆ. ಅವರೇ ಎತ್ತಿಕೊಂಡು ಎರಡರ ಮೇಲೂ ಬೆರಳಾಡಿಸಿದರು.

"ಇದು ನುಣ್ಣಗ ಬಂದೈತಲಾ! ಭಾರಿ ಬಂದೈತಿ."

"ಜಾರತೈತಿ ಕಾಕಾ. ಸಾಬಾನ ಕೈಯಾಗ ನಿಲ್ಲಂಗಿಲ್ಲ."

"ಇಲ್ಲಿ ತಾ," ಅಂದರು ತುಳಜಾಬಾಯಿ. ಕೈ ತುಂಬ ಸಾಬೂನಿನ ನೊರೆ. ಹಳೆಯದನ್ನು ಹಿಡಿದು, "ಹಿಡಿ ಆ ಕಡೀಗೆ, ಎಳಿ," ಅಂತ ಗಂಡನಿಗೆ ಹೇಳಿದರು. ಕಾಕಾ ಎಳೆದರು. ಆಕೆ ಬಿಡಲಿಲ್ಲ, ಕಾಕಾನೇ ಬಾಜಿನಿಂದ ಎದ್ದು ಬಂದರು. ಆಮೇಲೆ ಹೊಸದು. ಒಂದೇ ಜಗ್ಗಿಗೆ ಹಿಡಿಕೆ ಆಕೆಯ ಕೈಯಿಂದ ಪುಸಕ್ಕನೆ ಹೋಯಿತು, ಕಾಕಾ ಬಾಜಿನ ಮೇಲೆ ಅಂಗಾತ ಬಿದ್ದರು.

ತುಳಜಾಬಾಯಿ ಬಿದ್ದು ಬಿದ್ದು ನಕ್ಕರು. "ಮನಿಯಾಗಿನ ತಂಬಿಗೀನೂ ಹಿಂಗಽ ತಿಕ್ಕಿ ತಿಕ್ಕಿ ಇಟ್ಟಾನವ್ವಾ, ಒಂದೂ ಕೈಯಾಗ ನಿಲ್ಲೂದಿಲ್ಲ!"

ಕಾಕಾ ನಗಲಿಲ್ಲ. ಆಕೆ ಚಹಾ ಮಾಡಲು ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ದೇವರ ಮುಂದ ಮಂಕ ಹಿಡದದ್ದು ಹೆಂಗ ಇಡೂದು? ಮ್ಯಾಲಿನ ಮಸಿ ಅಷ್ಟಽ ತಗೀಬೇಕಂತ ಕುಂತೆ. ಅದು ಮೆತ್ತಗಿನ ಲೋಹ, ಲಗೂನ ಹೊಳಪು ಬಿಡಾಕತ್ತು. ಕೈ ನಿಲ್ಲಲಿಲ್ಲ."

ಕಾಕಾ ಹೊಸ ಹಿಡಿಕೆಯನ್ನು ನನ್ನ ಚೀಲಕ್ಕೆ ವಾಪಸು ಹಾಕಿದರು.

"ಯಾರ್‍ಯಾರಿಗೆ ಹೇಳೀದಿ?"

"ಯಾರಿಗೂ ಇಲ್ರಿ. ನಿಮಗಽ ಮೊದಲ."

"ಹಂಗಾದ್ರ ಹೇಳಬ್ಯಾಡ." ನನ್ನ ಮುಖ ನೋಡದೆ ಅಂದರು. "ಹೋದ ಮಾಲು ಹೋಗ್ಲಿ. ಮೋಲ್ಡ್ ನಾ ಹೆಂಗರೆ ಮಾಡಿ ಮತ್ತ ಖರಖರೀತ ಮಾಡಿ ಇಡ್ತೀನಿ. ಮೂವತ್ತೊಂದು ವರ್ಷ ಆತು ಯವ್ವಾ, ಒಂದು ಮೋಲ್ಡ್ ಕೆಡಿಸಿಲ್ಲ. ಹೋಗೂ ಹೊತ್ತಿನ್ಯಾಗ ಕಾಶಪ್ಪ ಕೆಡಿಸಿದ ಅನ್ನೂದು ಬ್ಯಾಡ."

ಆಗಲಿ ಅನ್ನಲಿಲ್ಲ. ಆಗುವುದಿಲ್ಲ ಅಂತಲೂ ಅನ್ನಲಿಲ್ಲ. ಚಹಾ ಕುಡಿದು ಬಂದುಬಿಟ್ಟೆ. ತುಳಜಾಬಾಯಿ ಭಾಕ್ರಿ ಕಟ್ಟಿಕೊಟ್ಟಿದ್ದಾರೆ. ಬಿಚ್ಚಿಲ್ಲ.

6 ಅಕ್ಟೋಬರ್, ಸೋಮವಾರ

ಒಂಬತ್ತು ಗಂಟೆಗೆ ಸರ್ ಬಂದರು. ಅವರ ಕೋಣೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಕಿಟಕಿಯ ಕೆಳಗಿನಿಂದ ಕಾಕಾ ನೋಡುತ್ತಿದ್ದುದು ಬೆನ್ನಿಗೆ ಗೊತ್ತಾಗುತ್ತಿತ್ತು.

"ಸರ್, ಪುಣೆ ಮಾಲು ನಿಲ್ಲಸ್ರಿ. ಶುಕ್ರವಾರ ನಾ ಹಾಕಿದ ಸಹಿ ಏಳಕ್ಕೇಳೂ ತಪ್ಪು."

ಹಿಡಿಕೆ ಕೊಟ್ಟೆ. ಅವರೂ ಉಗುರು ಎಳೆದು ನೋಡಿದರು. ಮುಖ ಕೆಂಪಾಯಿತು.

"ಶುಕ್ರವಾರ ಬಾಯಿಗೆ ಏನಾಗಿತ್ತು?"

"ಹೇಳಾಕ ಆಗಲಿಲ್ರಿ."

"ಹೇಳಾಕ ಆಗಲಿಲ್ಲ! ಪಗಾರ ಕೊಡೂದು ಅದಕ್ಕಽ." ಎದ್ದು ಹೊರಗೆ ಬಂದು ಮೋಲ್ಡ್ ತೆಗೆಸಿ ನೋಡಿದರು. ಯಾರು ಮಾಡಿದ್ದು ಎಂದು ನನ್ನನ್ನು ಕೇಳಲೇ ಇಲ್ಲ. "ಸೋಲಾಪುರದಾಗ ಇಂಥಾ ಹೊಳಪು ತರೂ ಕೈ ಎರಡಿಲ್ಲ," ಅಂದು ಕಿಟಕಿಯ ಕಡೆ ತಿರುಗಿದರು.

ಕಾಕಾ ತಲೆ ತಗ್ಗಿಸಲಿಲ್ಲ. ನನ್ನನ್ನು ನೋಡಿದರು. ನಾನೇ ಹೆಸರು ಹೇಳಿದೆ ಅಂತ ತಿಳಿದಿದ್ದಾರೆ.

ಮುಂದಿನದು ಓಡಾಟ. ಗೋದಾಮಿನವರು ಫೋನು ಎತ್ತಲಿಲ್ಲ. ಸೋನಾಲಿ ತನ್ನ ಸ್ಕೂಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಮಳೆಯಲ್ಲೇ ಹೋದಳು. ಲಾರಿ ಅರ್ಧ ತುಂಬಿತ್ತು, ನಮ್ಮ ಪೆಟ್ಟಿಗೆ ಕೆಳಗೆ, ಅದರ ಮೇಲೆ ಚಾದರಿನ ಗಂಟುಗಳು. ಗುಮಾಸ್ತ, "ಆತಾ ಕಾಹೀ ಹೋಣಾರ ನಾಹೀ, ಮ್ಯಾಡಂ," ಅಂದ, ಈಗ ಏನೂ ಆಗುವುದಿಲ್ಲವಂತೆ. ಲಾರಿಯ ಮುಂದೆ ನಿಂತು, ಆ ಗಂಟು ಇಳಿಸದೆ ಇಲ್ಲಿಂದ ಗಾಡಿ ಹೇಗೆ ಹೋಗುತ್ತದೋ ನೋಡುತ್ತೇನೆ ಅಂತ ಮರಾಠಿಯಲ್ಲಿ ಅಂದೆ. ಅವನು ಏನೋ ಅಂದ, ನಾನೂ ಅಂದೆ. ಹಮಾಲರು ಕೆಲಸ ಬಿಟ್ಟು ಬಂದು ನಿಂತರು. ಕಡೆಗೆ ಇಳಿಸಿದರು. ಮುನ್ನೂರೂ ವಾಪಸು ಬಂದಿವೆ.

ಸೋನಾಲಿ ದಾರಿಯುದ್ದಕ್ಕೂ ನಗುತ್ತಿದ್ದಳು. ಯಾಕೆಂದು ಕೇಳಿದರೆ ಹೇಳಲಿಲ್ಲ.

ಗಂಟಲು ನೋಯುತ್ತಿದೆ. ಮಳೆಯಲ್ಲಿ ನೆನೆದದ್ದಕ್ಕೆ ಇರಬೇಕು.

7 ಅಕ್ಟೋಬರ್, ಮಂಗಳವಾರ

ಕಾಕಾ ಗೋಡೆಗೆ ಮುಖ ಮಾಡಿ ಉಂಡ. ನನ್ನ ಮೇಜಿನಲ್ಲೇ ಉಂಡೆ.

9 ಅಕ್ಟೋಬರ್, ಗುರುವಾರ

ಮೋಲ್ಡ್ ಮತ್ತೆ ಆ್ಯಸಿಡ್ ಹಾಕಿಸಲು ಪುಣೆಯವರು ದೀಪಾವಳಿಯ ನಂತರ ಬನ್ನಿ ಅಂದಿದ್ದಾರೆ. ಅಷ್ಟು ದಿನ ಮಶೀನು ನಿಂತರೆ ಈ ಕೆಲಸವೇ ಕೈತಪ್ಪುತ್ತದೆ. ಸರ್ ಎಲ್ಲರ ಮುಂದೆ ಮೋಲ್ಡನ್ನು ಕಾಕಾನ ಗೋಣಿಚೀಲದ ಮೇಲೆ ಇಟ್ಟರು.

"ನೀನಽ ಅಳಿಸೀದಿ. ನೀನಽ ಎಬ್ಬಿಸು. ಮನೀಷಾ ಪಾಸ್ ಅಂದ್ರ ಪಾಸು. ಆಕಿ ಅನ್ನೂತನಕ ನಾ ಮೋಲ್ಡ್ ಮುಟ್ಟಂಗಿಲ್ಲ."

ನನಗೆ ಏನು ಹೇಳಿದಂತಾಯಿತು ಇದು? ದೀಪಾವಳಿಯ ನಂತರ ಇರುತ್ತೇನೋ ಇಲ್ಲವೋ ಕೇಳಲಿಲ್ಲ.

ಕಾಕಾ ಸೂಜಿಮೊನೆಯ ಉಳಿಯೊಂದನ್ನು ಸಾಣೆ ಹಿಡಿದುಕೊಂಡು, ಸಣ್ಣ ಸುತ್ತಿಗೆಯಿಂದ ಚುಕ್ಕೆ ಹೊಡೆಯಲು ಕುಳಿತಿದ್ದಾನೆ. ಟಿಕ್, ಟಿಕ್, ಟಿಕ್. ಒಂದು ಅಂಗುಲಕ್ಕೆ ಅರ್ಧ ದಿನ. ಹೊಡೆಯುತ್ತಾನೆ, ಬೆರಳಾಡಿಸುತ್ತಾನೆ, ಮುಖ ಕಿವುಚುತ್ತಾನೆ. ಕೆಟ್ಟ ಬೈಗುಳ ಆಡಲು ಹೇಳಿದ ಹಾಗಿದೆ ಅವನಿಗೆ.

13 ಅಕ್ಟೋಬರ್, ಸೋಮವಾರ

ಮೊದಲ ಹಿಡಿಕೆ ಒತ್ತಿ ನೋಡಿದೆವು. ಒಂದು ಕಡೆ ಚುಕ್ಕೆ ದಟ್ಟ, ಒಂದು ಕಡೆ ವಿರಳ. ಚೀಟಿಯಲ್ಲಿ ನಾಪಾಸು ಅಂತ ಮರಾಠಿಯಲ್ಲಿ ಬರೆದು ಸೋನಾಲಿಯ ಕೈಯಲ್ಲಿ ಕಳಿಸಿದೆ. ಕಾಕಾ ಓದಿ, ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಮತ್ತೆ ಕುಳಿತ.

ಊಟಕ್ಕೆ ಸೋನಾಲಿ ನನ್ನ ಮೇಜಿಗೆ ಬಂದಳು. "ಹೆಸರು ನೀ ಹೇಳಿಲ್ಲಂತ ಅವಗ ಹೇಳು. ಇಲ್ಲಾ, ನಾ ಹೇಳ್ಲಿ?"

"ಬ್ಯಾಡ."

"ಯಾಕ? ಖರೇ ಐತಲಾ?"

"ಸರ್ ಕೇಳಲಿಲ್ಲ, ನಾ ಹೇಳಲಿಲ್ಲ. ಕೇಳಿದ್ರ ಹೇಳತಿದ್ದೆ."

ಅವಳು ನನ್ನನ್ನೇ ನೋಡುತ್ತ ಭಾಕ್ರಿ ಜಗಿದಳು. "ಅಯ್ಯ ಯವ್ವಾ," ಅಂದಳು ಆಮೇಲೆ. "ನಿನ್ನ ಸಂಗಾಟ ಲಗ್ನಾ ಆಗಾವಗ ಭಾಳ ತ್ರಾಸ ಐತಿ."

ಕಾಕಾನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸುತ್ತಿಗೆ ಸ್ವಲ್ಪ ಹೊತ್ತು ನಿಂತಿತ್ತು. ರೂಮಿಗೆ ಬಂದ ಮೇಲೂ ಕಿವಿಯಲ್ಲಿ ಟಿಕ್ ಟಿಕ್ ನಡೆದೇ ಇದೆ. ಇಂಥ ಸಂಜೆ ಮಾತ್ರ ಕಷ್ಟ.

16 ಅಕ್ಟೋಬರ್, ಗುರುವಾರ

ಮೂರನೆಯ ಹಿಡಿಕೆ ಬಂತು. ಮೂರು ಗಂಟೆಯಾಗಿತ್ತು. ಸರ್ ಬಂದು ನಿಂತರು, ಮಶೀನಿನವರೆಲ್ಲ ಬಂದರು. ಕಣ್ಣು ಮುಚ್ಚಿದೆ. ಉಗುರು ತಡೆಯಿತು, ತಡೆಯಿತು, ರವೆಯ ಮೇಲೆ ಹೋದ ಹಾಗೆಯೇ ಹೋಯಿತು. ಪುಣೆಯ ನಮೂನೆಗಿಂತ ಇದು ಒಂದು ಕೈ ಮೇಲು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹಿಡಿಕೆಯನ್ನು ತಿರುವಿ, ಹೆಬ್ಬೆರಳು ಕೂರುವ ಜಾಗಕ್ಕೆ ಬಂದೆ. ಎರಡು ಬೆರಳಿನ ಅಗಲದಷ್ಟು ಕಡೆ ಉಗುರು ಸರ್ರನೆ ಹೋಯಿತು.

ಅಲ್ಲಿ ಒಂದಿಷ್ಟು ಹೊಳಪು ಇತ್ತು. ಕೈ ತಪ್ಪಿ ಉಳಿದದ್ದಲ್ಲ. ಕಾಕಾ ಬೇಕೆಂದೇ ಬಿಟ್ಟುಕೊಂಡದ್ದು.

ಚೀಟಿ ಎತ್ತಿಕೊಂಡು, ಕೆಳಗಿಟ್ಟೆ. ಹಿಡಿಕೆ ತೆಗೆದುಕೊಂಡು ಕಿಟಕಿಯ ಹತ್ತಿರ ನಾನೇ ಹೋದೆ.

"ಕಾಕಾ, ನಾಪಾಸು."

ಹಿಂದೆ ಯಾರೋ "ಅರೇ ದೇವಾ" ಅಂದರು. ಕಾಕಾ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು. ಒಂದು ವಾರ ಚುಕ್ಕೆ ನೋಡಿ ನೋಡಿ ಹಾಗಾಗಿರಬೇಕು.

"ಹೆಬ್ಬಟ್ಟಿನ ಕಡೆ ಬಿಟ್ಟೀರಿ. ಏಳುವಾಗ ಮಂದಿ ಅಲ್ಲೇ ಜೋರು ಹಾಕ್ತಾರ. ತುಳಜಾಬಾಯಿ ಮಾವಶೀನೂ ಅಲ್ಲೇ ಒತ್ತಿದ್ರು, ನಾ ನೋಡೀನಿ."

ಅವನು ಬಹಳ ಹೊತ್ತು ನನ್ನನ್ನು ನೋಡಿದ.

"ಎಲ್ಲಿ?" ಅಂದ ಕಾಕಾ. "ತೋರಸು."

ಗೋಣಿಚೀಲದ ಮೇಲೆ ಕುಳಿತು ತೋರಿಸಿದೆ. ಅವನು ಚುಕ್ಕೆ ಹೊಡೆದ, ನಾನು ಮೋಲ್ಡಿನೊಳಗೆ ಉಗುರು ಎಳೆದೆ. ಇನ್ನೂ ಬೇಕು ಅಂದೆ. ಹೊಡೆದ. ಇನ್ನೂ ಅಂದೆ. ಐದು ಗಂಟೆಗೆ ಸೋನಾಲಿಯೊಬ್ಬಳನ್ನು ಬಿಟ್ಟು ಎಲ್ಲರೂ ಕೈಕಾಲು ತೊಳೆದು ಹೋದರು. ಬೆಳಕು ಕಡಿಮೆಯಾದಾಗ ಅವಳು ಬಲ್ಬು ಇಳಿಬಿಟ್ಟು, ಇಬ್ಬರಿಗೂ ಚಹಾ ಇಟ್ಟು ಹೋದಳು. ಆರೂವರೆಗೆ ಪಾಸು ಅಂದೆ.

ಅಷ್ಟರಲ್ಲಿ ಅವನ ಬಸ್ಸು ಹೋಗಿತ್ತು. ಮುಂದಿನದಕ್ಕೆ ಒಂದು ತಾಸು. ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೂ ಬೈದುಕೊಂಡೇ ಹೋದ, ಅರ್ಧ ಕನ್ನಡ, ಅರ್ಧ ಮರಾಠಿ, ನನ್ನನ್ನೇ.